ಬಳೆ ಏರದ ಕೈ

ಅಮೃತೂರಿನ ಹನುಮಕ್ಕನ ಮನೆ ತುಂಬ ಆ ದಿನ ಹೆಂಗಸರ ಗಲಗಲ. ಸೊಸೆ ಇಂಪನಾಗೆ ಏಳು ತಿಂಗಳು ತುಂಬಿತ್ತು. ಬಳೆ ತೊಡಿಸುವ ಶಾಸ್ತ್ರ. ಬಳೆ ಮಾರುವ ಖಮರುನ್ನೀಸಾ ಇಂಪನಾಳ ಕೈ ಹಿಡಿದು ಹಸಿರು ಬಳೆಯನ್ನು ಮೆಲ್ಲಗೆ ಒತ್ತಿದರು. ಬಳೆ ಗೆಣ್ಣು ದಾಟಲಿಲ್ಲ.

"ಹನುಮಕ್ಕ, ಗೌರಿ ಹಬ್ಬಕ್ಕೆ ಈ ಕೈಗೆ ಎರಡು-ನಾಲ್ಕರ ಅಳತೆ ಬಳೆ ಸಲೀಸಾಗಿ ಹೋಯ್ತು. ಇವತ್ತು ಎರಡು-ಎಂಟೂ ಹೋಗ್ತಿಲ್ಲ."

"ಬಸುರಿ ಮೈ ತುಂಬ್ಕೊಳ್ದೆ ನಿನ್ನಂಗೆ ಕಡ್ಡಿಯಾಗ್ತಾಳಾ? ಸೋಪು ಹಚ್ಚಿ ತೊಡ್ಸು ಬುಡು!"

ಎಲ್ಲರೂ ನಕ್ಕರು. ಖಮರುನ್ನೀಸಾ ನಗಲಿಲ್ಲ. "ಮೂವತ್ತು ವರ್ಷದಿಂದ ಕೈ ನೋಡ್ತಿದೀನಿ ಕಣಕ್ಕ. ಮೈ ಬಂದ ಕೈ ಬೇರೆ, ಊದಿದ ಕೈ ಬೇರೆ. ನೋಡು, ಒತ್ತಿದ ಕಡೆ ಗುಳಿ ಹಂಗೇ ನಿಂತದೆ."

ಆರತಿ ತಟ್ಟೆ ಹಿಡಿದಿದ್ದ ಆರೋಗ್ಯ ಉಪಕೇಂದ್ರದ ನರ್ಸ್ ಪ್ರಮೀಳಾ ತಟ್ಟೆ ಕೆಳಗಿಟ್ಟು ಬಂದರು.

"ಇಂಪನಾ, ತಲೆನೋವಿದೆಯಾ?"

"ನಿನ್ನೆಯಿಂದ ಸಿಡೀತಿದೆ ಸಿಸ್ಟರ್. ಕಣ್ಣೂ ಮಂಜು ಮಂಜು. ಫಂಕ್ಷನ್ ಕೆಡುತ್ತೆ ಅಂತ ಹೇಳ್ಲಿಲ್ಲ."

ಪ್ರಮೀಳಾ ಸ್ಕೂಟರ್ ಡಿಕ್ಕಿಯಲ್ಲಿದ್ದ ಬಿಪಿ ಮಿಷನ್ ತಂದರು. ನೂರ ಅರವತ್ತೆಂಟು, ನೂರ ಹನ್ನೆರಡು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿದರು. ಆಗಲೂ ಅಷ್ಟೇ ಇತ್ತು, ತೀರಾ ಜಾಸ್ತಿ!

"ಹೋದ ತಿಂಗಳು ಚೆಕಪ್‌ಗೆ ಯಾಕೆ ಬರ್ಲಿಲ್ಲ?"

"ಅವತ್ತು ಮಾಲಯ ಅಮಾಸೆ. ನಾನೇ ಕಳಿಸ್ಲಿಲ್ಲ," ಎಂದರು ಹನುಮಕ್ಕ. "ಬಿಪಿ ನಮ್ಮಂಥ ವಯಸ್ಸಾದೋರ ಕಾಯಿಲೆ ಅಲ್ವಾ? ಇವಳಿಗಿನ್ನೂ ಇಪ್ಪತ್ಮೂರು. ಆರತಿ ಎತ್ತಿ, ಊಟ ಮುಗಿಸ್ಕೊಂಡು ಹೋದ್ರಾಯ್ತು."

"ಬಸುರಿಗೆ ಯಾವ ವಯಸ್ಸಲ್ಲಾದ್ರೂ ಬರುತ್ತೆ ಹನುಮಕ್ಕ. ಬಿಪಿ ಏರಿದ್ರೆ ಮಗುಗೆ ಹೋಗೋ ರಕ್ತ ಕಡಿಮೆಯಾಗುತ್ತೆ, ಬೆಳವಣಿಗೆ ಕುಂಟುತ್ತೆ. ತಾಯಿಗೆ ಫಿಟ್ಸ್ ಬರ್ಬೋದು. ನಿಮ್ಮ ಊಟ ಮುಗಿಯೋ ತನಕ ಅದು ಕಾಯಲ್ಲ!"

ಹನುಮಕ್ಕ ಸೊಸೆಯ ಕೈಯನ್ನು ತಾವೇ ಒತ್ತಿ ನೋಡಿದರು. ಗುಳಿ ಬಿತ್ತು, ಮೇಲೇಳಲಿಲ್ಲ.

"ಲಕ್ಷ್ಮೀಕಾಂತ, 108ಕ್ಕೆ ಫೋನ್ ಮಾಡೋ! ಆರತಿ ಆಮೇಲೆ!"

"ಮಾಡಾಯ್ತಮ್ಮ, ಗಾಡಿ ಹೊರಟಿದೆ!" ಎಂದ ಮಗ.

ಕುಣಿಗಲ್ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟು ತುಮಕೂರಿಗೆ ಕಳಿಸಿದರು. ಅಲ್ಲಿ ಮೂತ್ರ, ರಕ್ತ, ಸ್ಕ್ಯಾನಿಂಗ್ ಎಲ್ಲ ನೋಡಿ, ವೈದ್ಯರು ಹದಿನೆಂಟು ದಿನ ಬಿಪಿ ಹತೋಟಿಯಲ್ಲಿಟ್ಟರು. ಆಮೇಲೆ ಹೆರಿಗೆ ಮಾಡಿಸಿದರು. ಹೆಣ್ಣು ಮಗು, ತೂಕ ಒಂದು ಕೆಜಿ ಏಳುನೂರು ಗ್ರಾಂ. ಆದರೆ ಅಳು ಮಾತ್ರ ವಾರ್ಡಿಗೆಲ್ಲ ಕೇಳಿಸಿತು! ಇಂಪನಾ ಮಗುವನ್ನು ಎದೆಗವಚಿಕೊಂಡೇ ಬೆಚ್ಚಗಿಟ್ಟಳು.

ನಾಮಕರಣಕ್ಕೆ ಖಮರುನ್ನೀಸಾ ಮತ್ತೆ ಬಂದರು. ಎರಡು-ನಾಲ್ಕರ ಬಳೆಗಳು ಝಣಝಣ ಎಂದು ಇಂಪನಾಳ ಕೈಗೆ ಜಾರಿದವು.

"ನಮ್ಮ ಪುಟ್ಟಿಗೂ ಅಳತೆ ನೋಡು," ಎಂದರು ಹನುಮಕ್ಕ.

"ಇವಳಿಗೆ ನನ್ನ ಉಂಗುರಾನೇ ದೊಡ್ಡದು, ತಡಿ!"

ಅಷ್ಟರಲ್ಲಿ ಪಕ್ಕದ ಮನೆಯ ಬಸುರಿ ಮಾನಸಾ ನಗುತ್ತಾ ಒಳಗೆ ಬಂದಳು. ಹನುಮಕ್ಕ ಅಲ್ಲಿಂದಲೇ ಕೂಗಿದರು: "ಏನ್ಲೇ, ಬಿಪಿ ನೋಡಿಸ್ದ್ಯಾ? ನಾಳೆ ಅಮಾಸೆ ಆದ್ರೂ ಹೋಗು. ನಾನೇ ಬರ್ತೀನಿ!"

ಓದುತ್ತಿರುವ ಅಕ್ಕಂದಿರೇ, ಅತ್ತೆಯರೇ, ಗಂಡಂದಿರೇ, ಬಸುರಿಗೆ ಕೈ ಮುಖ ಊದುವುದು, ಬಿಡದ ತಲೆನೋವು, ಕಣ್ಣು ಮಂಜಾಗುವುದು, ಮೇಲ್ಹೊಟ್ಟೆ ನೋವು ಕಂಡರೆ ಅದೇ ಕ್ಷಣ ಆಸ್ಪತ್ರೆಗೆ ಹೊರಡಿ. ಹೆರಿಗೆಯಾದ ಮೇಲೂ ಹೀಗಾಗಬಹುದು. ಎಷ್ಟೋ ಸಲ ಯಾವ ಲಕ್ಷಣವೂ ಇಲ್ಲದೆ ಬಿಪಿ ಏರುತ್ತದೆ, ಅಳೆದರಷ್ಟೇ ಗೊತ್ತಾಗುತ್ತದೆ. ನಿಮ್ಮ ಮನೆಯ ಬಸುರಿಗೆ ಕೊನೆಯ ಸಲ ಬಿಪಿ ನೋಡಿಸಿದ್ದು ಯಾವಾಗ? ಚೆಕಪ್ ವಿವರ ಬರೆದಿಡುವ ತಾಯಿ ಕಾರ್ಡ್ ಈಗಲೇ ತೆಗೆದು ನೋಡಿ.