ಅಳದೆ ಹೋದ ಮಗುವಿಗೆ ಹಾಲು ತುಪ್ಪ

ಎಂಟು ತಿಂಗಳು ತುಂಬಿದ ಮೇಲೆ ಅರ್ಪಿತಳ ಮಗು ಹೊಟ್ಟೆಯಲ್ಲೇ ತೀರಿಕೊಂಡಿತು. ತೀರಿಕೊಂಡಿತು ಎಂದು ಮನೆಯಲ್ಲಿ ಯಾರೂ ಹೇಳಲಿಲ್ಲ. ‘ಹೋಯ್ತು’ ಎಂದರು, ಕರೆಂಟು ಹೋದ ಹಾಗೆ. ದೂರದ ದಾಯಾದಿ ಸತ್ತರೂ ಮೂರನೇ ದಿನ ಮಣ್ಣಿನ ಮೇಲೆ ಹಾಲು ತುಪ್ಪ ಬಿಟ್ಟು ಬರುವ ಮನೆತನ ಅದು. ಈ ಮಗುವಿಗೆ ಮಾತ್ರ ಅದಿಲ್ಲ.

“ಅತ್ತಿದ್ರೆ ಬೇರೆ ಮಾತು. ಉಸ್ರೇ ಆಡ್ಲಿಲ್ಲ, ಅದ್ಕೆಲ್ಲಿತ್ತವ್ವ ಜೀವ?” ಎಂದರು ಅತ್ತೆ ಮುನಿಲಕ್ಷ್ಮಮ್ಮ. ಕೆಟ್ಟ ಹೆಂಗಸೇನಲ್ಲ. ಮಗುವೇ ಇಲ್ಲದ ಬಾಣಂತನವನ್ನು ಒಂದು ದಿನವೂ ತಪ್ಪಿಸದೆ ಮಾಡಿದವರು.

ಹಾಗಾದರೆ ಒಳಗಿನಿಂದ ಒದೆಯುತ್ತಿದ್ದದ್ದು ಯಾರು? ಅರ್ಪಿತ ಇದನ್ನು ಯಾರ ಹತ್ತಿರ ಕೇಳಬೇಕು?

ದೇವನಹಳ್ಳಿಯಲ್ಲಿ ಪಾಸ್ಟರ್ ಜಯಶೀಲ ಅನ್ನುವವರು ಅಂಚೆ ಮೂಲಕ ಕ್ರೈಸ್ತ ಧರ್ಮದ ಪಾಠ ನಡೆಸುತ್ತಿದ್ದರು. ಅದನ್ನು ಟೈಪ್ ಮಾಡಿಕೊಡುವುದು ಅವಳ ಕೆಲಸ. ಯಾರ ದೇವರಾದರೇನು, ಟೈಪು ಟೈಪೇ ಎಂದುಕೊಂಡಿದ್ದವಳು, ಕೆಲಸಕ್ಕೆ ವಾಪಸಾದ ವಾರ ಬಂದ ಪಾಠ ನೋಡಿ ಕೈ ನಿಲ್ಲಿಸಿದಳು. ಆತ್ಮ ಎಲ್ಲಿಂದ ಬರುತ್ತದೆ ಎಂದು ಮೊದಮೊದಲ ಕಾಲದ ಕ್ರೈಸ್ತ ಹಿರಿಯರು ಜಗಳವಾಡಿದ್ದರಂತೆ. ದೇಹಕ್ಕಿಂತ ಮುಂಚೆಯೇ ಇತ್ತು ಎಂದವನೊಬ್ಬ. ದೇವರು ಒಂದೊಂದನ್ನೂ ಹೊಸದಾಗಿ ಮಾಡಿ ಕಳಿಸುತ್ತಾನೆ ಎಂದವನು ಇನ್ನೊಬ್ಬ. ಬಳ್ಳಿಯಿಂದ ಕುಡಿ ಒಡೆದ ಹಾಗೆ ತಂದೆ ತಾಯಿಯಿಂದಲೇ ಬರುತ್ತದೆ ಎಂದವನು ಮತ್ತೊಬ್ಬ. ಉಸಿರಾಡಿದ ಮೇಲೆಯೇ ಆತ್ಮ ಎನ್ನುವವರಿಗೆ ಈ ಮೂರನೆಯವನು ಚೆನ್ನಾಗಿ ಬೈದಿದ್ದ. ಒಳಗೆ ಮಿಸುಕಾಡುವುದು ಏನೆಂದು ಬಸುರಿ ಹೆಂಗಸರನ್ನೇ ಕೇಳಿ ಎಂದಿದ್ದ.

“ಸಾರ್, ಇವ್ರಲ್ಲಿ ಯಾರು ಹೇಳಿದ್ದು ನಿಜ?”

ಅವಳ ಕಥೆ ಗೊತ್ತಿದ್ದ ಪಾಸ್ಟರು ತಲೆ ತಗ್ಗಿಸಿದರು. “ಅವ್ರೆಲ್ಲರಿಗಿಂತ ದೊಡ್ಡೋರೊಬ್ರು ಕೊನೇವರ್ಗೂ ಗೊತ್ತಿಲ್ಲ ಅಂತ್ಲೇ ಬರೆದ್ರಮ್ಮ. ನಾನೇನ್ ಹೇಳ್ಲಿ.”

ಇಷ್ಟು ಓದಿದವರಿಗೂ ಗೊತ್ತಿಲ್ಲವೆಂದರೆ ಓದಿ ಏನು ಬಂತು ಎಂದು ಅರ್ಪಿತಳಿಗೆ ಸಿಟ್ಟು ಬಂತು. ಆದರೂ ಹೆತ್ತವಳನ್ನು ಕೇಳಿ ಎಂದವನೊಬ್ಬನಿದ್ದನಲ್ಲ. ತನ್ನ ಮಗುವಿಗೆ ಜೀವ ಇತ್ತು ಎನ್ನಲು ಅವಳಿಗೆ ಅಷ್ಟು ಸಾಕಾಯಿತು.

ಮರುದಿನ ಬೆಳಿಗ್ಗೆ ಚೊಂಬಿನಲ್ಲಿ ಹಾಲು, ಬಟ್ಟಲಲ್ಲಿ ತುಪ್ಪ ಹಿಡಿದು ಅಂಗಳಕ್ಕೆ ಬಂದಳು. ಗಂಡ ವೇಣುಗೋಪಾಲ್ ಬೈಕ್ ಒರೆಸುತ್ತಿದ್ದ.

“ತೋಟದ ಬೇಲಿ ಹತ್ರ ಮಣ್ಣು ಮಾಡ್ದೆ ಅಂದ್ರಲ್ಲ, ಜಾಗ ತೋರ್ಸಿ. ಅತ್ತೆ ಬೈದ್ರೆ ಬೈಲಿ.”

ವೇಣುಗೋಪಾಲ್ ಒರೆಸಿದ್ದನ್ನೇ ಒರೆಸಿದ. ಆಮೇಲೆ ಬಟ್ಟೆ ಕೆಳಗಿಟ್ಟ.

“ಮಣ್ಣು ಮಾಡ್ಲಿಲ್ಲ ಕಣೇ. ನೀನು ಅಳ್ತೀಯ ಅಂತ ಸುಳ್ಳು ಹೇಳ್ದೆ. ನಾವೇ ನೋಡ್ಕೋತೀವಿ, ಬಿಟ್ಟೋಗಿ ಅಂದ್ರು ಆಸ್ಪತ್ರೇಲಿ. ಜೀವ ಇಲ್ದಿದ್ದಕ್ಕೆ ಯಾಕೆ ಅಂತ ಅವ್ವನೂ ಅಂದ್ಲು. ಕೊಟ್ಬಿಟ್ಟೆ.”

“ಅವ್ರೇನ್ ಮಾಡಿದ್ರು?”

“ಕೇಳ್ಲಿಲ್ಲ.”

“ಮುಖನಾದ್ರೂ ನೋಡಿದ್ರಾ?”

“ಬಟ್ಟೆ ಸುತ್ತಿದ್ರು. ಬಿಚ್ಚಲಿಲ್ಲ.”

ಆವತ್ತು ಅರ್ಪಿತಳಿಗೆ ಆಸ್ಪತ್ರೆಯಲ್ಲಿ ಕೊಟ್ಟ ಮದ್ದಿನ ಮಂಪರು ಇಳಿದಿರಲಿಲ್ಲ. ಅಂದರೆ ತಮ್ಮವರು ಎನ್ನುವ ಒಬ್ಬರೂ ಆ ಮಗುವಿನ ಮುಖ ನೋಡಿಲ್ಲ. ಜೀವ ಇತ್ತೆಂದು ಊರಿಗೆಲ್ಲ ಸಾರಿದರೂ ಹಾಲು ಬಿಡಲು ಒಂದು ಹಿಡಿ ಮಣ್ಣಿಲ್ಲ. ಕಂಡಲ್ಲಿ ಸುರಿದರೆ ಅದು ಚೆಲ್ಲಿದ ಹಾಲು, ಅಷ್ಟೇ.

“ಹಾಲೆಲ್ಲವ್ವ, ಕಾಫಿಗಿಡ್ಬೇಕು” ಎಂದು ಒಳಗಿನಿಂದ ಅತ್ತೆ ಕೂಗಿದರು.

ಅರ್ಪಿತ ಹೋಗಿ ಹಾಲು ಕೊಟ್ಟಳು. ಸ್ವಲ್ಪ ಹೊತ್ತಿಗೆ ಮೂವರೂ ಕೂತು ಆ ಕಾಫಿ ಕುಡಿದರು.