ಒಳಗೆ ಬಿಟ್ಟ ಬಟ್ಟೆ

ಟೇಪು ಹಿಡಿಯುವ ಮೊದಲೇ ಗಿರಾಕಿಯ ಅಳತೆಯನ್ನು ಕಣ್ಣಲ್ಲೇ ಹೇಳಿಬಿಡುತ್ತಿದ್ದ ಹೆಂಗಸು ಅವಳು. ಅಂಥವಳ ಕಣ್ಣಿಗೆ ಮಣ್ಣೆರಚಲು ಹೊರಟವನು ಅವಳ ಮಗನೇ. ಅವನೂ ದರ್ಜಿ, ಕತ್ತರಿ ಹಿಡಿಯಲು ಕಲಿತದ್ದು ಅವಳಿಂದಲೇ. ಚಿಕ್ಕಂದಿನಲ್ಲಿ ಯಾರದೋ ಕೋಟಿನ ಗುಂಡಿ ನುಂಗಿ ಅದು ಹೊರಬರುವವರೆಗೆ ಮನೆಮಂದಿಯನ್ನೆಲ್ಲ ಕಾಯುವಂತೆ ಮಾಡಿದ್ದರಿಂದ ಅಮ್ಮನ ಬಾಯಲ್ಲಿ ಅವನು ಗುಂಡಿ. ತಲೆ ನರೆತರೂ ಆ ಹೆಸರು ಬಿಟ್ಟುಹೋಗಿಲ್ಲ.

ಅಮ್ಮನ ಕ್ಯಾನ್ಸರ್ ಚಿಕಿತ್ಸೆಗೆ ಇದು ಮೂರನೆಯ ವರ್ಷ. ಔಷಧದ ನಳಿಕೆ ಸಿಕ್ಕಿಸಲು ಸುಲಭವಾಗಲಿ ಎಂದು ಮಗ ಅವಳಿಗೆ ಮುಂದೆ ಗುಂಡಿಯಿರುವ ಅಂಗಿಗಳನ್ನು ಹೊಲಿದುಕೊಟ್ಟಿದ್ದ. ಮೊದಲ ವರ್ಷವೇ ಅವಳು ಅರ್ಧಕ್ಕರ್ಧ ಇಳಿದುಹೋದಳು. ಜೋತುಬಿದ್ದ ಅಂಗಿ ನೋಡಿ ಎಲ್ಲಿ ಎದೆಗುಂದುತ್ತಾಳೋ ಎಂದು ಇವನಿಗೆ ಹೆದರಿಕೆ. ಅವಳು ಮಧ್ಯಾಹ್ನ ಮಲಗಿದಾಗ ಒಂದೊಂದೇ ಅಂಗಿಯನ್ನು ಕಳ್ಳಬೆಕ್ಕಿನ ಹಾಗೆ ಅಂಗಡಿಗೆ ಸಾಗಿಸಿ, ಪಕ್ಕದ ಹೊಲಿಗೆಯನ್ನು ಒಳಕ್ಕೆ ತಂದು, ಮಡಿಸಿ ಮೊದಲಿದ್ದಲ್ಲೇ ಇಡುತ್ತಿದ್ದ. ಅವಳು ತೊಟ್ಟುಕೊಂಡು ಸುಮ್ಮನಿರುತ್ತಿದ್ದಳು. ಇವನು ತನ್ನ ಬೆನ್ನು ತಾನೇ ತಟ್ಟಿಕೊಳ್ಳುತ್ತಿದ್ದ.

ಬಿಗಿ ಮಾಡುವಾಗ ಮಿಕ್ಕ ಬಟ್ಟೆಯನ್ನು ಕತ್ತರಿಸಬಾರದು ಎಂಬುದು ಅವಳು ಕಲಿಸಿದ ಮೊದಲ ಪಾಠ. ಇಳಿದ ಮೈ ಮತ್ತೆ ತುಂಬಿಕೊಂಡರೆ ಸಡಿಲಿಸಲು ಒಳಗೆ ಬಟ್ಟೆ ಇರಬೇಕು. ಅವನು ಆ ಪಾಠ ತಪ್ಪಿದ್ದು ಹಸಿರು ಅಂಗಿಯಲ್ಲಿ ಮಾತ್ರ. ಮೊದಲ ಔಷಧ ನಾಟಲಿಲ್ಲ, ಬೇರೆಯದನ್ನು ಕೊಟ್ಟು ನೋಡೋಣ ಎಂದು ಡಾಕ್ಟರು ಹೇಳಿದ ವಾರ ಅದು. ಅಂಗಿಯ ಒಳಗೆ ಏನೋ ಚುಚ್ಚುತ್ತದೆ ಎಂದು ಅಮ್ಮ ಅಂದದ್ದೇ ನೆಪವಾಗಿ, ಮಿಕ್ಕ ಬಟ್ಟೆಯನ್ನೆಲ್ಲ ಕತ್ತರಿಸಿ ಹಾಕಿದ್ದ. ಆಮೇಲೆ ಹೊಲಿಗೆ ಯಂತ್ರದ ಮುಂದೆ ಕೂತು ಅತ್ತಿದ್ದ.

ಹೊಸ ಔಷಧ ಮೆಲ್ಲಗೆ ನಾಟಿತು. ಕಾಯಿಲೆ ಹೋಗಿಲ್ಲ, ಆದರೆ ಬಾಲ ಮುದುರಿಕೊಂಡು ಒಂದು ಮೂಲೆಯಲ್ಲಿ ಬಿದ್ದಿದೆ. ಅಮ್ಮ ಎರಡನೆಯ ಸಲ ಬಡಿಸಿಕೊಳ್ಳುತ್ತಾಳೆ. ಹೋದ ಸಲ ತೂಕ ನೋಡಿದ ನರ್ಸು, "ಮಗನ ಪಾಲನ್ನೂ ನೀವೇ ತಿಂತಿದ್ದೀರಾ?" ಎಂದು ಛೇಡಿಸಿದ್ದಳು.

ಇವತ್ತು ಬೆಳಿಗ್ಗೆ ಆಸ್ಪತ್ರೆಗೆ ಹೊರಡಬೇಕು. ಅಮ್ಮ ಹಸಿರು ಅಂಗಿಯನ್ನೇ ತೆಗೆದಳು. ಎದೆಯ ಹತ್ತಿರ ಗುಂಡಿ ಕೂಡಲಿಲ್ಲ.

"ಹೊಲಿಗೆ ಬಿಚ್ಚೋದು ತಗೊಂಡ್ಬಾರೋ. ನೀನು ಒಳಗೆ ತಂದಿದ್ದನ್ನ ಹೊರಗೆ ಬಿಡೋಣ," ಎಂದಳು.

ಮಗ ಕೇಳಿದ, "ನಿನಗೆ ಗೊತ್ತಿತ್ತಾ?"

"ನಿನ್ನ ಹೊಲಿಗೆ ನನಗೆ ಗೊತ್ತಾಗಲ್ವಾ? ಮೂಲೆಗೆ ಬಂದಾಗ ಈಗಲೂ ಅವಸರ ಮಾಡ್ತೀಯ."

"ಬೇರೆ ಅಂಗಿ ಹಾಕ್ಕೋ ಅಮ್ಮ. ನೀಲಿದು ಚೆನ್ನಾಗಿದೆ."

ಅವಳು ಆಗಲೇ ಅಂಗಿಯನ್ನು ಒಳಮಗ್ಗುಲಾಗಿ ತಿರುವಿದ್ದಳು. ಹೊಲಿಗೆಯುದ್ದಕ್ಕೂ ಬೆರಳಾಡಿಸಿದಳು. ಎಲ್ಲೂ ಬಟ್ಟೆ ಸಿಗಲಿಲ್ಲ. ಬೆರಳು ನಿಂತಿತು. ಯಾವ ವಾರದ ಕೆಲಸ ಅದು ಎಂದು ಅವಳಿಗೆ ಹೇಳಬೇಕಾಗಿರಲಿಲ್ಲ.

ಮಗ ಕುರ್ಚಿಯ ತುದಿಯಲ್ಲಿ ಕೂತ. ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು, ಅದನ್ನು ನುಂಗಿಕೊಂಡ. "ಇನ್ನು ಬೇಕಾಗಲ್ಲ ಅಂದ್ಕೊಂಡೆ ಅಮ್ಮ. ಆವತ್ತು ನಾನು ಕೈಚೆಲ್ಲಿಬಿಟ್ಟೆ."

ಅಮ್ಮ ಅಂಗಿಯನ್ನು ತೊಡೆಯ ಮೇಲೆ ಹರಡಿದಳು. "ಒಳಗೆ ಏನೋ ಚುಚ್ಚುತ್ತೆ ಅಂದಿದ್ದೆನಲ್ಲ, ಚುಚ್ಚಿರಲಿಲ್ಲ ಕಣೋ. ಬೇಕಾಗಲ್ಲ ಅಂತ ನನಗೂ ಅನ್ನಿಸಿತ್ತು. ಅದನ್ನ ನಿನ್ನ ಮುಂದೆ ಬಾಯಿಬಿಟ್ಟು ಹೇಳೋಕೆ ಆಗಲಿಲ್ಲ."

ಇಬ್ಬರೂ ಒಬ್ಬರನ್ನೊಬ್ಬರು ಕಾಪಾಡುತ್ತೇವೆಂದು ಒಂದೇ ಭಯವನ್ನು ಎರಡು ಕೋಣೆಗಳಲ್ಲಿ ಬಚ್ಚಿಟ್ಟುಕೊಂಡಿದ್ದರು. ಮೊದಲು ನಕ್ಕವಳು ಅಮ್ಮ. ಮಗನೂ ಕಣ್ಣೊರೆಸಿಕೊಂಡು ನಕ್ಕ.

"ಸರಿ, ಮುಖ ತೊಳೆದು ಚೂರುಗಳ ಚೀಲ ತಾ. ಈ ಬಣ್ಣವೇ ಬೇಕಂತಿಲ್ಲ. ಎರಡೂ ಪಕ್ಕಕ್ಕೆ ಒಂದೊಂದು ಪಟ್ಟಿ ಸೇರಿಸು."

ಹಳದಿ ಬಟ್ಟೆಯೊಂದು ಸಿಕ್ಕಿತು. ಅವನು ಒಳಮಡಿಕೆಗೆಂದು ಎರಡು ಬೆರಳಗಲ ಹೆಚ್ಚು ಬಿಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆದ. ಅಮ್ಮ ಅದನ್ನು ಉಜ್ಜಿ ಅಳಿಸಿದಳು.

"ನಾಲ್ಕು ಬೆರಳು ಬಿಡು."

"ಅಷ್ಟು ಬಿಟ್ಟರೆ ಈ ಸಲ ನಿಜವಾಗಲೂ ಚುಚ್ಚುತ್ತೆ ಅಮ್ಮ."

"ಚುಚ್ಚಲಿ ಬಿಡು," ಎಂದಳು ಅಮ್ಮ.