ದೊಡ್ಡಮ್ಮ ನಗಲಿಲ್ಲ

ಆಫೀಸಿನಲ್ಲಿ ಅವಳನ್ನು ಎಲ್ಲರೂ ಚುಟುಕು ಅಂತಲೇ ಕರೆಯುತ್ತಿದ್ದರು. ಬೇರೆಯವರು ನಲವತ್ತು ಸಾಲು ಎಳೆಯುವ ಪ್ರೋಗ್ರಾಮನ್ನು ಅವಳು ಆರೇ ಸಾಲಿನಲ್ಲಿ ಮುಗಿಸಿ ಕೈ ಕೊಡವಿಕೊಂಡು ಏಳುತ್ತಿದ್ದಳು.

ಪಿಂಚಣಿ ಪಡೆಯುವ ಹಿರಿಯರು ವರ್ಷಕ್ಕೊಮ್ಮೆ ಬ್ಯಾಂಕಿಗೆ ಹೋಗಿ ತಾವಿನ್ನೂ ಬದುಕಿದ್ದೇವೆ ಎಂದು ತೋರಿಸಿಕೊಳ್ಳಬೇಕಲ್ಲ, ಆ ಅಲೆದಾಟ ತಪ್ಪಿಸುವ ಆ್ಯಪ್ ಅವರ ಕಂಪನಿಯದು. ಮನೆಯಲ್ಲೇ ಕೂತು ಫೋನಿಗೆ ಮುಖ ತೋರಿಸಿದರೆ ಸಾಕು. ಯಾರೋ ಫೋಟೊ ಹಿಡಿದು ಮೋಸ ಮಾಡಬಾರದು ಅಂತ ಆ್ಯಪ್ ಮೊದಲು ಕಣ್ಣು ಮಿಟುಕಿಸಿ ಅನ್ನುತ್ತಿತ್ತು, ಆಮೇಲೆ ನಗಿ ಅನ್ನುತ್ತಿತ್ತು. ನಗುವಿನ ಭಾಗ ಬರೆದವಳು ಚುಟುಕು. ನಗದಿದ್ದರೆ ಏನು ಮಾಡೋದು ಅಂತ ಮೀಟಿಂಗಿನಲ್ಲಿ ಪ್ರಶ್ನೆ ಬಂದಾಗ ತಂಡದ ಮ್ಯಾನೇಜರು, ಬದುಕಿರೋರು ಮೂರು ಸಲ ಕೇಳಿದರೂ ನಗಲ್ವಾ ಅಂದಿದ್ದ. ಆ ಮಾತನ್ನೇ ಯಾರೋ ನಿಯಮ ಅಂತ ಬರೆದುಕೊಂಡರು, ಚುಟುಕು ಅದನ್ನು ಹಾಗೇ ಪ್ರೋಗ್ರಾಮಿಗೆ ಇಳಿಸಿದಳು. ಮೂರು ಸಲಕ್ಕೂ ನಗದವರು ತೀರಿಕೊಂಡವರು.

ಚುಟುಕುವನ್ನು ಚಿಕ್ಕಂದಿನಿಂದ ಸಾಕಿದ್ದು ಅವಳ ದೊಡ್ಡಮ್ಮ. ಮೂವತ್ತನಾಲ್ಕು ವರ್ಷ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಸಿಡುಕಿನವರಲ್ಲ, ದುಃಖದವರೂ ಅಲ್ಲ. ನಗು ಬಂದಾಗ ನಗುತ್ತಿದ್ದರು, ಆದರೆ ಅದು ಬರುವುದು ಅಪರೂಪ. ಮದುವೆಮನೆಯ ಫೋಟೊಗಳಲ್ಲೆಲ್ಲ ಪರೀಕ್ಷೆಯ ಮೇಲ್ವಿಚಾರಣೆಗೆ ಬಂದವರ ಹಾಗೆ ನಿಂತಿರುತ್ತಿದ್ದರು.

ಒಂದು ಶನಿವಾರ ಬೆಳಿಗ್ಗೆ ದೊಡ್ಡಮ್ಮ ಕನ್ನಡಕ ಒರೆಸಿಕೊಂಡು ಊಟದ ಮೇಜಿನ ಮುಂದೆ ಕೂತು ಆ್ಯಪ್ ತೆರೆದರು. ಕಣ್ಣು ಮಿಟುಕಿಸಿದರು. ದಯವಿಟ್ಟು ನಗಿ ಅಂತು ಫೋನು. ಯಾಕೆ ಅಂತ ಕೇಳಿದರು. ಫೋನು ಮತ್ತೆ ನಗಿ ಅಂತು. ಅವರು ಕಾದರು. ಮೂರನೆಯ ಸಲವೂ ಆದ ಮೇಲೆ ತೆರೆ ಬೂದುಬಣ್ಣಕ್ಕೆ ತಿರುಗಿತು.

ದೊಡ್ಡಮ್ಮನ ಮನೆಯವರೆಂದು ಆ್ಯಪಿನಲ್ಲಿ ಕೊಟ್ಟಿದ್ದ ನಂಬರು ಚುಟುಕುವಿನದು. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಅವಳ ಫೋನಿಗೆ ಸಂದೇಶ ಬಂತು. ದೊಡ್ಡಮ್ಮನ ಹೆಸರು, ಅದರ ಕೆಳಗೊಂದು ಬಿಳಿ ಹೂವು, 'ನಿಮ್ಮ ದುಃಖದಲ್ಲಿ ನಾವೂ ಭಾಗಿ'. ಅವಳು ಅದನ್ನು ಓದಿ ಮುಗಿಸುವಷ್ಟರಲ್ಲಿ ದೊಡ್ಡಮ್ಮ ಬಾಗಿಲಲ್ಲಿ ನಿಂತಿದ್ದರು.

"ನಿಮ್ಮ ಆ್ಯಪು ನಾನು ಸತ್ತಿದ್ದೀನಿ ಅಂತಿದೆ ಕಣೇ," ಅಂದರು, ಹಾಲು ಒಡೆದಿದೆ ಅನ್ನುವಷ್ಟೇ ತಣ್ಣಗೆ.

ಐದು ನಿಮಿಷದ ಕೆಲಸ ಅಂದುಕೊಂಡು ಚುಟುಕು ಲ್ಯಾಪ್‌ಟಾಪ್ ತೆರೆದಳು. ಅದು ಅವಳನ್ನು ಒಳಗೆ ಬಿಡಲಿಲ್ಲ. ನೌಕರರ ಮನೆಯಲ್ಲಿ ಸಾವಾದರೆ ಅವರು ಕೇಳುವ ಮೊದಲೇ ರಜೆ ಸಿಗಲಿ ಅಂತ ಕಂಪನಿಯವರು ಹೋದ ತಿಂಗಳಷ್ಟೇ ಈ ಆ್ಯಪನ್ನು ರಜೆಯ ಲೆಕ್ಕಕ್ಕೂ ಜೋಡಿಸಿದ್ದರು. 'ನೀವು ಹತ್ತು ದಿನ ಶೋಕದ ರಜೆಯಲ್ಲಿದ್ದೀರಿ. ಕೆಲಸದ ಯೋಚನೆ ಬೇಡ' ಎಂದು ತೆರೆಯ ಮೇಲೆ ಬಂತು. ಎಷ್ಟು ಸಲ ಒತ್ತಿದರೂ ಅದೇ ಸಮಾಧಾನ.

ಸೋಮವಾರ ಅವಳು ದೊಡ್ಡಮ್ಮನನ್ನೇ ಆಫೀಸಿಗೆ ಕರೆದುಕೊಂಡು ಹೋದಳು. ಅವಳ ಕಾರ್ಡಿಗೆ ಗೇಟು ತೆರೆಯಲಿಲ್ಲ. ಸೆಕ್ಯುರಿಟಿಯವನು ಇಬ್ಬರ ಕೈಯಲ್ಲೂ ರಿಜಿಸ್ಟರಿಗೆ ಸಹಿ ಹಾಕಿಸಿ ಒಳಗೆ ಬಿಟ್ಟ. ಒಳಗೆ ಎಲ್ಲರೂ ಮುಖ ಸಪ್ಪೆ ಮಾಡಿಕೊಂಡು ಎದ್ದು ನಿಂತರು. ಎಚ್‌ಆರ್ ಮೇಡಂ ಬಂದು ಚುಟುಕುವಿನ ಕೈಹಿಡಿದು ಧೈರ್ಯ ತಂದುಕೋ ಅಂದಳು.

"ಇವರೇ ಮೇಡಂ ನಮ್ಮ ದೊಡ್ಡಮ್ಮ," ಅಂದಳು ಚುಟುಕು.

ಎಚ್‌ಆರ್ ಮೇಡಂ ದೊಡ್ಡಮ್ಮನಿಗೆ ನಮಸ್ಕಾರ ಮಾಡಿ, ಕುರ್ಚಿ ಹಾಕಿಸಿ, ನೀರು ತರಿಸಿದಳು. ಆಮೇಲೆ ಚುಟುಕುವನ್ನು ಪಕ್ಕಕ್ಕೆ ಕರೆದು, ರಜೆ ರದ್ದು ಮಾಡೋ ಫಾರಂನಲ್ಲಿ ನಾಲ್ಕೇ ಕಾರಣಗಳಿವೆ, ತೀರಿಕೊಂಡವರು ಬಂದಿದ್ದಾರೆ ಅನ್ನೋದು ಅದರಲ್ಲಿಲ್ಲ ಅಂತ ಪಿಸುಗುಟ್ಟಿದಳು. ನಿಜಕ್ಕೂ ಅವಳಿಗೆ ಬೇಜಾರಾಗಿತ್ತು.

ಮ್ಯಾನೇಜರು ದೊಡ್ಡಮ್ಮನ ಮುಂದೆ ಫೋನು ಹಿಡಿದು ಕೂತ. ಒಂದು ಸಲ ನಕ್ಕುಬಿಡಿ ಮೇಡಂ, ಎಲ್ಲ ಸರಿಹೋಗುತ್ತೆ ಅಂತ ಗೋಗರೆದ. ತಾನೇ ಹಲ್ಲು ಕಿಸಿದು ತೋರಿಸಿದ.

"ನಗೋಕೆ ನನಗೇನೂ ಕಷ್ಟ ಇಲ್ಲಪ್ಪ," ಅಂದರು ದೊಡ್ಡಮ್ಮ. "ಆದರೆ ಈಗ ನಕ್ಕರೆ, ನಗದೋರೆಲ್ಲ ಸತ್ತಿದ್ದಾರೆ ಅಂತ ನಾನೂ ಒಪ್ಪಿಕೊಂಡ ಹಾಗಾಗುತ್ತೆ."

ಹಾಗಂದು ಅವರು ಎದ್ದು ಗೋಡೆಯ ಬೋರ್ಡಿನ ಹತ್ತಿರ ಹೋದರು. ನಗುವವರೆಲ್ಲ ಬದುಕಿದ್ದಾರೆ ಎಂದು ಬರೆದರು. ಅದರ ಕೆಳಗೆ, ಬದುಕಿರುವವರೆಲ್ಲ ನಗುತ್ತಾರೆ. ಮೊದಲನೆಯದರಿಂದ ಎರಡನೆಯದು ಹೊರಡುತ್ತದೆಯೇ ಅಂತ ಕೇಳಿದರು. ಹದಿನಾಲ್ಕು ಎಂಜಿನಿಯರುಗಳು ಎರಡೂ ಸಾಲನ್ನು ನೋಟ್‌ಬುಕ್ಕಿಗೆ ಬರೆದುಕೊಂಡರು. ಹಿಂದಿನ ಸಾಲಲ್ಲಿದ್ದ, ಪ್ರೋಗ್ರಾಮಿನ ತಪ್ಪು ಹುಡುಕುವ ಟೆಸ್ಟರು ಹುಡುಗಿ ಮಾತ್ರ ಕೈಯೆತ್ತಿ ಇಲ್ಲ ಅಂದಳು. ಕೂತ್ಕೋ ಅಂದರು ದೊಡ್ಡಮ್ಮ. ಆಮೇಲೆ ಅವಳನ್ನೇ ಕೇಳಿದರು: ಇಲ್ಲಿಯವರೆಗೆ ಎಷ್ಟು ಜನ ನಕ್ಕಿಲ್ಲ?

ಅದನ್ನು ಯಾರೂ ನೋಡಿರಲೇ ಇಲ್ಲ. ಟೆಸ್ಟರು ಹುಡುಗಿ ನೋಡಿ ಹೇಳಿದಳು: ಆರು ಸಾವಿರದ ಇನ್ನೂರು. ಅವರಲ್ಲಿ ಯಾರೂ ದೂರು ಕೊಟ್ಟಿಲ್ಲವಲ್ಲ ಅಂದ ಮ್ಯಾನೇಜರು. ಕೊಡುವುದಾದರೂ ಹೇಗೆ? ತೀರಿಕೊಂಡವರ ನಂಬರಿನಿಂದ ಕರೆ ಬಂದರೆ ಸಂತಾಪದ ಮಾತು ಕೇಳಿಸಿ ಲೈನು ತಾನಾಗಿಯೇ ಕಡಿದುಹೋಗುವ ಹಾಗೆ ಮಾಡಿಟ್ಟಿದ್ದರು. ಹುಡುಗಿ ಆ್ಯಪ್ ಉಳಿಸಿಟ್ಟಿದ್ದ ಮುಖಗಳನ್ನು ಒಂದೊಂದಾಗಿ ತೆರೆದಳು. ಬಾಯಿ ಒಂದು ಕಡೆಗೆ ಎಳೆದುಹೋಗಿದ್ದ ಮುದುಕರೊಬ್ಬರು. ಹಲ್ಲಿಲ್ಲದ ನಾಚಿಕೆಗೆ ಸೆರಗು ಅಡ್ಡ ಹಿಡಿದ ಹೆಂಗಸು. ನಗಲು ಹೋಗಿ ಅತ್ತುಬಿಟ್ಟಿದ್ದ ಇನ್ನೊಬ್ಬರು. ಆ ನಿಯಮ ಬರೆದ ಕೈ ಚುಟುಕುವಿನದೇ.

ನಗುವನ್ನು ತೆಗೆದುಹಾಕೋಣ ಅಂದಳು. ಆಗುವುದಿಲ್ಲ ಅಂದ ಮ್ಯಾನೇಜರು. ನಗು ಕಂಪನಿಯ ಜಾಹೀರಾತಿನಲ್ಲಿತ್ತು, ಬಸ್‌ಸ್ಟಾಪುಗಳಲ್ಲೆಲ್ಲ ಅಂಟಿಸಿಯಾಗಿತ್ತು. ತೆಗೆಯೋಕೆ ಮಾಲೀಕರ ಒಪ್ಪಿಗೆ ಬೇಕು, ಸೇರಿಸೋಕೆ ಬೇಡ.

"ಹಾಗಾದರೆ ಮುಖ ಗಂಟಿಕ್ಕೋದನ್ನೂ ಸೇರಿಸಿ," ಅಂದರು ದೊಡ್ಡಮ್ಮ.

ಚುಟುಕು ಶೋಕದಲ್ಲಿದ್ದುದರಿಂದ ಕೀಬೋರ್ಡು ಮುಟ್ಟುವ ಹಾಗಿರಲಿಲ್ಲ. ಅವಳು ಪಕ್ಕದಲ್ಲಿ ನಿಂತು ಹೇಳುತ್ತ ಹೋದಳು, ಟೆಸ್ಟರು ಹುಡುಗಿ ಬರೆಯುತ್ತ ಹೋದಳು. ಗಂಟಿಕ್ಕಿದ ಮುಖ ಹೇಗಿರುತ್ತದೆ ಎಂದು ಪ್ರೋಗ್ರಾಮಿಗೆ ಕಲಿಸಲು ದೊಡ್ಡಮ್ಮ ಮಧ್ಯಾಹ್ನದವರೆಗೆ ಕ್ಯಾಮೆರಾದ ಮುಂದೆ ಕೂತರು. ಎಡದಿಂದ, ಬಲದಿಂದ, ಕನ್ನಡಕ ಹಾಕಿಕೊಂಡು, ತೆಗೆದು. ಹುಬ್ಬು ಗಂಟಿಕ್ಕಲೂ ಆಗದವರು ತಲೆಯಾಡಿಸಿದರೆ ಸಾಕು ಅಂತಲೂ ಅವರೇ ಸೇರಿಸಲು ಹೇಳಿದರು. ಮೂರು ಗಂಟೆಗೆ ಫೋನು ಅವರನ್ನು ನೋಡಿ, ಧನ್ಯವಾದ, ನೀವು ಬದುಕಿದ್ದೀರಿ ಅಂತು. ಇಡೀ ತಂಡ ಚಪ್ಪಾಳೆ ತಟ್ಟಿತು. ಇದರಲ್ಲಿ ಚಪ್ಪಾಳೆ ತಟ್ಟೋದೇನಿದೆ ಅಂದರು ದೊಡ್ಡಮ್ಮ.

ಸತ್ತವರ ಪಟ್ಟಿಯಲ್ಲಿದ್ದ ಉಳಿದವರಿಗೆಲ್ಲ ಅದೇ ಸಂಜೆ ಸಂದೇಶ ಹೋಯಿತು. 'ಕೆಲವು ತಾಂತ್ರಿಕ ಕಾರಣಗಳಿಂದ' ಅಂತ ಮ್ಯಾನೇಜರು ಶುರು ಮಾಡಿದ್ದನ್ನು ದೊಡ್ಡಮ್ಮ ಹೊಡೆದುಹಾಕಿ, 'ನೀವು ಬದುಕಿರುವಾಗಲೇ ಸತ್ತಿದ್ದೀರಿ ಎಂದು ಬರೆದದ್ದು ನಮ್ಮ ತಪ್ಪು' ಎಂದು ತಿದ್ದಿಕೊಟ್ಟರು. ಆ ವಾರ ಕಳೆಯುವಷ್ಟರಲ್ಲಿ ಹತ್ತರಲ್ಲಿ ಒಂಬತ್ತು ಜನ ನಗು ಬಿಟ್ಟು ಗಂಟುಮುಖವನ್ನೇ ಆರಿಸಿಕೊಂಡರಂತೆ. ಮ್ಯಾನೇಜರಿಗೆ ಬಡ್ತಿಯಾಯಿತು.

ರಜೆ ಮಾತ್ರ ರದ್ದಾಗಲಿಲ್ಲ. ಉಳಿದ ದಿನಗಳನ್ನು ಚುಟುಕು ಶೋಕದಲ್ಲೇ ಕಳೆಯಬೇಕಾಯಿತು, ಮನೆಯಲ್ಲಿ, ದೊಡ್ಡಮ್ಮನ ಜೊತೆ. ಒಂದು ಬೆಳಿಗ್ಗೆ ಮಹಡಿಯ ಮೇಲೆ ಇಬ್ಬರೂ ಬಟ್ಟೆ ಒಣಹಾಕುತ್ತಿದ್ದರು. ಆ ಎಳೆದುಹೋದ ಬಾಯಿಯ ಮುದುಕರ ಮುಖ ಕಣ್ಣಿಂದ ಹೋಗ್ತಾ ಇಲ್ಲ ದೊಡ್ಡಮ್ಮಾ ಅಂದಳು ಚುಟುಕು. ದೊಡ್ಡಮ್ಮ ಬಕೆಟಿನಿಂದ ಒದ್ದೆ ಹೊದಿಕೆಯನ್ನು ಎತ್ತಿ ಅದರ ಇನ್ನೊಂದು ತುದಿಯನ್ನು ಅವಳ ಕೈಗಿಟ್ಟರು.

"ಹೋಗೋದು ಬೇಡ, ಇರಲಿ," ಅಂದರು. "ಹಿಡಿ, ಗಟ್ಟಿಯಾಗಿ ಹಿಂಡು."